ನಿಮ್ಮ ಕಂಪನಿ ಬಗ್ಗೆ ನೀವೇ ಬರೆಯಬೇಡಿ

ಕೇಳುಗರಿಗೆ ನಮಸ್ಕಾರ.

ಈ ಮಾತನ್ನು ಕೇಳುತ್ತಿರುವವರಲ್ಲಿ ಒಬ್ಬರನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡು ಬಂದಿದ್ದೇನೆ. ನೀವು ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿ ಆರು ತಿಂಗಳಾಗಿದೆ. ಬೆಳಿಗ್ಗೆ ಮ್ಯಾನೇಜರ್ ನಿಮ್ಮ ಮೇಜಿನ ಹತ್ತಿರ ಬಂದರು. "ಅವರ ಕಂಪನಿಗೆ ವಿಕಿಪೀಡಿಯ ಪುಟ ಇದೆ, ನಮಗ್ಯಾಕಿಲ್ಲ? ಸಾಯಂಕಾಲದೊಳಗೆ ಒಂದು ಮಾಡಿಬಿಡಿ" ಎಂದು ಹೇಳಿ ಹೋದರು. ನಿಮಗೆ ಬರೆಯಲು ಬರುತ್ತದೆ. ಕಂಪನಿಯ ಬ್ರೋಷರ್ ಕೈಯಲ್ಲೇ ಇದೆ. ಅರ್ಧ ಗಂಟೆಯ ಕೆಲಸ ಅಲ್ವಾ?

ಬೇಡ. ಮಾಡಬೇಡಿ. ನಿಮ್ಮ ಕಂಪನಿ ಬಗ್ಗೆ ನೀವೇ ಬರೆಯಬೇಡಿ. ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ. ಇದನ್ನೇ ಇನ್ನೂ ನಾಲ್ಕೈದು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಾನು ಹದಿನಾಲ್ಕು ವರ್ಷದಿಂದ ವಿಕಿಪೀಡಿಯದಲ್ಲಿ ಲೇಖನ ಬರೆಯುತ್ತಿದ್ದೇನೆ, ಬೇರೆಯವರು ಬರೆದದ್ದನ್ನು ತಿದ್ದುತ್ತಿದ್ದೇನೆ. ಸಂಬಳ ಇಲ್ಲ. ನಮ್ಮ ಮನೆಯವರ ಲೆಕ್ಕದಲ್ಲಿ ಅದು ಕೆಲಸವೂ ಅಲ್ಲ. ಆದರೂ ರಾತ್ರಿ ಊಟ ಆದ ಮೇಲೆ ಕೂತು ಹೊಸ ಬದಲಾವಣೆಗಳನ್ನು ನೋಡದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಈ ವಿಷಯಕ್ಕೆ ಪುಸ್ತಕದ ಭಾಷೆಯಲ್ಲಿ ಹಿತಾಸಕ್ತಿ ಸಂಘರ್ಷ ಎನ್ನುತ್ತಾರೆ. ದೊಡ್ಡ ಹೆಸರು. ನಮ್ಮ ಹಿರಿಯರು ಮೂರೇ ಪದದಲ್ಲಿ ಮುಗಿಸಿದ್ದರು: ಹೆತ್ತವರಿಗೆ ಹೆಗ್ಗಣ ಮುದ್ದು. ಹೆತ್ತವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಅವರ ಕಣ್ಣಿಗೆ ಅದು ನಿಜವಾಗಿಯೂ ಮುದ್ದಾಗಿಯೇ ಕಾಣುತ್ತದೆ. ತೊಂದರೆ ಇರುವುದೇ ಅಲ್ಲಿ. "ನಾನು ಪ್ರಾಮಾಣಿಕ, ಇದ್ದದ್ದನ್ನು ಇದ್ದ ಹಾಗೇ ಬರೆಯುತ್ತೇನೆ" ಎಂದು ನೀವು ಹೇಳಿದರೆ ನಾನು ನಂಬುತ್ತೇನೆ. ಹೆಗ್ಗಣದ ತಾಯಿಯೂ ಪ್ರಾಮಾಣಿಕಳೇ.

ಒಂದು ಸಲ ಹೊಸದಾಗಿ ಬಂದ ಡ್ರಾಫ್ಟ್ ಒಂದನ್ನು ಓದುತ್ತಿದ್ದೆ. ಮೂರು ದೊಡ್ಡ ಪ್ಯಾರಾ. "ಮುಂಚೂಣಿಯ ಸಂಸ್ಥೆ", "ವಿಶ್ವದರ್ಜೆಯ ಗುಣಮಟ್ಟ", "ದೂರದೃಷ್ಟಿಯ ನಾಯಕತ್ವ", "ಸಮಗ್ರ ಪರಿಹಾರಗಳು". ಎಲ್ಲಾ ಓದಿ ಮುಗಿಸಿದೆ. ಕಂಪನಿ ಏನು ತಯಾರಿಸುತ್ತದೆ ಅಂತಲೇ ಗೊತ್ತಾಗಲಿಲ್ಲ. ಮತ್ತೆ ಮೊದಲಿನಿಂದ ಓದಿದೆ. ಇಲ್ಲ. ಕೊನೆಗೆ ಬರೆದವರನ್ನೇ ಕೇಳಿದೆ. ಉತ್ತರ ಬಂತು: "ಸ್ಕ್ರೂ, ಸರ್." ಆ ಒಂದು ಪದ ಮೂರು ಪ್ಯಾರಾದಲ್ಲಿ ಎಲ್ಲೂ ಇರಲಿಲ್ಲ! ಬರೆದವರು ಮೋಸಗಾರರಲ್ಲ. ದಿನವಿಡೀ ಆ ಸ್ಕ್ರೂಗಳ ನಡುವೆಯೇ ಇರುವವರು. ಹೊರಗಿನವನಿಗೆ ಏನು ಬೇಕು ಎಂಬುದು ಒಳಗಿನವರಿಗೆ ಹೊಳೆಯುವುದಿಲ್ಲ.

ಕದ್ದು ಮಾಡಿದರೆ ಯಾರಿಗೆ ಗೊತ್ತಾಗುತ್ತದೆ ಎಂದು ಕೆಲವರು ಕೇಳುತ್ತಾರೆ. ವಿಕಿಪೀಡಿಯ 2001ರ ಜನವರಿಯಲ್ಲಿ ಶುರುವಾಯಿತು. ಈ ಪ್ರಶ್ನೆಯೂ ಹೆಚ್ಚುಕಡಿಮೆ ಅಷ್ಟೇ ಹಳೆಯದು. ಪ್ರತಿ ಲೇಖನದ ಮೇಲೆ ಇತಿಹಾಸ ಎಂಬ ಕೊಂಡಿ ಇದೆ. ಯಾವ ದಿನ, ಎಷ್ಟು ಗಂಟೆಗೆ, ಯಾವ ಪದ ಹೋಯಿತು, ಯಾವ ಪದ ಬಂತು, ಎಲ್ಲಾ ಅಲ್ಲಿರುತ್ತದೆ. 2007ರಲ್ಲಿ ವರ್ಜಿಲ್ ಗ್ರಿಫಿತ್ ಎಂಬ ವಿದ್ಯಾರ್ಥಿ ವಿಕಿಸ್ಕ್ಯಾನರ್ ಎಂಬ ಸಾಧನ ಮಾಡಿದ. ಲಾಗಿನ್ ಆಗದೆ ತಿದ್ದಿದವರ ಕಂಪ್ಯೂಟರ್ ವಿಳಾಸ ಯಾವ ಸಂಸ್ಥೆಯದು ಎಂದು ಅದು ತೋರಿಸುತ್ತಿತ್ತು. ಆಗ ಏನೇನು ಹೊರಗೆ ಬಂತು ಗೊತ್ತಾ? ಅಮೆರಿಕದಲ್ಲಿ ಮತಯಂತ್ರ ತಯಾರಿಸುತ್ತಿದ್ದ ಡೀಬೋಲ್ಡ್ ಕಂಪನಿಯ ವಿಳಾಸದಿಂದ ಯಾರೋ, ಆ ಯಂತ್ರಗಳ ಬಗ್ಗೆ ಟೀಕೆ ಇದ್ದ 15 ಪ್ಯಾರಾಗಳನ್ನು ಒಂದೇ ಏಟಿಗೆ ಅಳಿಸಿದ್ದರು. ಅಳಿಸಿದ್ದು ವಾಪಸ್ ಬಂತು. ಮೇಲಿಂದ, ಅಳಿಸಿದ ಸುದ್ದಿಯೇ ಪೇಪರಿನಲ್ಲಿ ಬಂತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಕಥೆ.

ಇದು ಬರೀ ಕಂಪನಿಗಳ ಚಪಲ ಅಂದುಕೊಳ್ಳಬೇಡಿ. ವಿಕಿಪೀಡಿಯ ಸ್ಥಾಪಿಸಿದ ಜಿಮ್ಮಿ ವೇಲ್ಸ್ ತಮ್ಮ ಬಗ್ಗೆ ಇರುವ ಲೇಖನವನ್ನು ತಾವೇ ತಿದ್ದಿದ್ದು 2005ರಲ್ಲಿ ಬಯಲಾಯಿತು. ಶುರುವಿನಲ್ಲಿ ವೇಲ್ಸ್ ಜೊತೆ ಕೆಲಸ ಮಾಡಿದ ಲ್ಯಾರಿ ಸ್ಯಾಂಗರ್ ಅವರನ್ನು ಸಹಸ್ಥಾಪಕ ಎಂದು ಕರೆಯಬೇಕೋ ಬೇಡವೋ ಎಂಬುದು ಅಲ್ಲಿದ್ದ ಜಗಳ. ಹಾಗೆ ಮಾಡಬಾರದಿತ್ತು ಎಂದು ವೇಲ್ಸ್ ಆಮೇಲೆ ಒಪ್ಪಿಕೊಂಡರು. ಮನೆ ಕಟ್ಟಿದವರಿಗೇ ಕೈ ಕಟ್ಟಿಕೊಂಡು ಕೂರಲು ಆಗಲಿಲ್ಲ. ನಿಮಗೆ ಆಗುತ್ತದೆ ಎನ್ನುವ ನಂಬಿಕೆ ನನಗಂತೂ ಇಲ್ಲ. ಆದ್ದರಿಂದ ನಿಮ್ಮ ಕಂಪನಿ ಬಗ್ಗೆ ನೀವೇ ಬರೆಯಬೇಡಿ.

ಹಾಗಾದರೆ ಲೇಖನದಲ್ಲಿ ತಪ್ಪಿದ್ದರೆ ಸುಮ್ನೆ ನೋಡುತ್ತಾ ಇರಬೇಕಾ? ಇದು ಒಳ್ಳೆಯ ಪ್ರಶ್ನೆ. ಇದಕ್ಕೆ ನಾನೊಂದು ಕಥೆ ಹೇಳಬೇಕು. ನನ್ನ ಮರ್ಯಾದೆಯನ್ನೂ ಸ್ವಲ್ಪ ಕಳೆಯುವ ಕಥೆ.

ಪಂಪ್ ತಯಾರಿಸುವ ಒಂದು ಕಂಪನಿ. ಹೆಸರು ಬೇಡ. ಅದರ ಬಗ್ಗೆ ಯಾರೋ ಹವ್ಯಾಸಿ ಒಂಬತ್ತು ಸಾಲಿನ ಲೇಖನ ಬರೆದಿದ್ದರು. ಅದರಲ್ಲಿ ಮೂರು ಸಾಲು ಗೋದಾಮಿಗೆ ಬೆಂಕಿ ಬಿದ್ದದ್ದರ ಬಗ್ಗೆ. ಪತ್ರಿಕೆಯ ಉಲ್ಲೇಖ ಸರಿಯಾಗಿಯೇ ಇತ್ತು. ಒಂದು ರಾತ್ರಿ ಹನ್ನೊಂದೂವರೆ ಇರಬೇಕು, ಹೊಚ್ಚಹೊಸ ಖಾತೆಯೊಂದು ಬಂದು ಆ ಬೆಂಕಿಯ ಮೂರು ಸಾಲು ಅಳಿಸಿತು. ಬ್ರೋಷರಿನಿಂದ ಎತ್ತಿದ ಐದು ಪ್ಯಾರಾ ಸೇರಿಸಿತು. ಏನು ಬದಲಾಯಿಸಿದಿರಿ ಎಂದು ಬರೆಯುವ ಜಾಗದಲ್ಲಿ ಬರೆದದ್ದು: "ಸಣ್ಣಪುಟ್ಟ ತಿದ್ದುಪಡಿ."

ನಾನು ಹತ್ತು ನಿಮಿಷದಲ್ಲಿ ಎಲ್ಲವನ್ನೂ ಹಿಂದಿನ ಸ್ಥಿತಿಗೆ ತಂದೆ. ಮರುದಿನ ರಾತ್ರಿ ಅದೇ ಬದಲಾವಣೆ, ಬೇರೆ ಖಾತೆ. ಮತ್ತೆ ತೆಗೆದೆ. ಮೂರನೇ ರಾತ್ರಿ ಬಂದ ಖಾತೆಯ ಹೆಸರು ಕಂಪನಿಯದೇ, ಕೊನೆಯಲ್ಲಿ 123! ಪಾಪ, ಬೇರೆ ಹೆಸರು ಹೊಳೆಯಲಿಲ್ಲವೋ ಏನೋ. ಪ್ರತಿ ಲೇಖನದ ಬೆನ್ನಿಗೆ, ಅದರ ಬಗ್ಗೆ ಮಾತಾಡಲೆಂದೇ ಚರ್ಚೆ ಪುಟ ಎಂಬುದೊಂದು ಇರುತ್ತದೆ. ಅಲ್ಲಿ ಬರೆದೆ: "ನೀವು ಈ ಕಂಪನಿಯವರಾ? ಹಾಗಿದ್ದರೆ ಹೇಳಿ, ಮಾತಾಡೋಣ." ಉತ್ತರ ಇಲ್ಲ. ವಿಕಿಪೀಡಿಯದ ನಿರ್ವಾಹಕರು ಮೂರೂ ಖಾತೆ ಬ್ಲಾಕ್ ಮಾಡಿದರು. ಗೆದ್ದೆ ಎಂದು ಖುಷಿಯಿಂದ ಮಲಗಿದೆ.

ಎರಡೂವರೆ ವರ್ಷ ಕಳೆಯಿತು. ಒಂದು ದಿನ ಅದೇ ಲೇಖನದ ಚರ್ಚೆ ಪುಟದಲ್ಲಿ ನಾಲ್ಕು ಸಾಲು. "ನಮಸ್ಕಾರ. ನಾನು ಈ ಕಂಪನಿಯ ಉದ್ಯೋಗಿ, ಇದು ನನ್ನ ಕೆಲಸದ ಭಾಗ. ಕಂಪನಿ ಶುರುವಾದದ್ದು 1978 ಎಂದು ಲೇಖನದಲ್ಲಿದೆ. ಅದು 1987 ಆಗಬೇಕು. ಈ ಪತ್ರಿಕೆಯ ಈ ಸಂಚಿಕೆ ನೋಡಿ." ನೋಡಿದೆ. ಆಕೆ ಹೇಳಿದ್ದು ಸರಿ. ಮೂಲ ಬರೆದ ಹವ್ಯಾಸಿ ಏಳು ಎಂಟನ್ನು ಅದಲುಬದಲು ಮಾಡಿದ್ದರು. ನಾಲ್ಕು ನಿಮಿಷದಲ್ಲಿ ತಿದ್ದಿದೆ.

ಆಮೇಲೆ ಯಾಕೋ ಇತಿಹಾಸ ತೆಗೆದು ನೋಡಿದೆ. ಆ ಮಧ್ಯರಾತ್ರಿಯ ಮನುಷ್ಯ ಮೂರು ರಾತ್ರಿಯೂ ಬೆಂಕಿಯ ಸಾಲು ಅಳಿಸಿ, ಬ್ರೋಷರ್ ತುಂಬಿ, ಅದರ ಜೊತೆಗೆ ಇಸವಿಯನ್ನೂ ಸರಿ ಮಾಡಿದ್ದ! ನಾನು ಮೂರು ಸಲವೂ ಸರಿಯಾದ ಇಸವಿಯನ್ನು ತೆಗೆದು ತಪ್ಪು ಇಸವಿಯನ್ನು ವಾಪಸ್ ಕೂರಿಸಿದ್ದೆ. ನೆಗಡಿ ಅಂತ ಮೂಗನ್ನೇ ಕೊಯ್ದಿದ್ದೆ. ಸಾಮಾನ್ಯವಾಗಿ ಕಂಪನಿಯವರು ತಮ್ಮ ವಯಸ್ಸು ಜಾಸ್ತಿ ಹೇಳುತ್ತಾರೆ. ಈತ ಒಂಬತ್ತು ವರ್ಷ ಕಡಿಮೆ ಮಾಡಿದ್ದ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಐದು ಪ್ಯಾರಾ ತುತ್ತೂರಿಯ ಮಧ್ಯೆ ಒಂದು ನಿಜ ಇದ್ದರೆ ಯಾರು ಹುಡುಕುತ್ತಾರೆ? ಅಷ್ಟರೊಳಗೆ ಆ ತಪ್ಪು ಇಸವಿಯನ್ನು ಇನ್ನೂ ಎರಡು ಜಾಲತಾಣದವರು ನಕಲು ಮಾಡಿಕೊಂಡಿದ್ದರು.

ಕಥೆ ಇನ್ನೂ ಮುಗಿದಿಲ್ಲ. ಒಂದು ತಿಂಗಳ ಮೇಲೆ ಆಕೆ ಮತ್ತೆ ಬಂದರು, ಚರ್ಚೆ ಪುಟಕ್ಕೇ. ಈ ಸಲ ಬೆಂಕಿಯ ವಿಷಯ. ಅಳಿಸಿ ಎಂದು ಕೇಳಲಿಲ್ಲ, ಅದು ಮುಖ್ಯ. "ತನಿಖೆ ಮುಗಿದಿದೆ, ಕಟ್ಟಡದ ಹಳೇ ವೈರಿಂಗ್ ಕಾರಣ ಎಂದು ವರದಿ ಬಂದಿದೆ, ಪತ್ರಿಕೆಯಲ್ಲೂ ಇದೆ. ಅದನ್ನು ಸೇರಿಸಬಹುದಾ?" ಎಂದು ಕೇಳಿದರು. ಇನ್ನೊಬ್ಬ ಸಂಪಾದಕರು ಓದಿ, ಒಂದು ಸಾಲು ಸೇರಿಸಿದರು. ಬೆಂಕಿಯೂ ಉಳಿಯಿತು, ಕಾರಣವೂ ಬಂತು. ಆತ ಮೂರು ರಾತ್ರಿ ನಿದ್ದೆಗೆಟ್ಟು ಮಾಡಲಾಗದ್ದನ್ನು ಈಕೆ ಎಂಟು ಸಾಲಿನಲ್ಲಿ ಮಾಡಿದರು. ವ್ಯತ್ಯಾಸ ಏನು? ಚರ್ಚೆ ಪುಟ. ನಾನು ಇಂಥವರು, ಇದು ತಪ್ಪು, ಇದು ಆಧಾರ. ಇಷ್ಟು ಬರೆದು ಕೈ ಬಿಡಬೇಕು.

ಅಯ್ಯೋ, ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ಪಂಪಿನ ಕಥೆಗೇ ಸಮಯ ಜಾಸ್ತಿ ಹೋಯಿತು. ಉಳಿದದ್ದನ್ನು ಓಡಿಸಿಕೊಂಡು ಹೇಳುತ್ತೇನೆ.

ನಾನು ಇಂಥವರು ಎಂದು ಹೇಳುವುದು ನನ್ನ ವೈಯಕ್ತಿಕ ಆಸೆ ಅಲ್ಲ. ದುಡ್ಡು ಪಡೆದು ತಿದ್ದುವವರು ಯಾರ ಪರವಾಗಿ ತಿದ್ದುತ್ತಿದ್ದೇವೆ ಎಂದು ತಿಳಿಸಲೇಬೇಕು ಎಂದು, ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ 2014ರ ಜೂನ್‌ನಲ್ಲಿ ತನ್ನ ಬಳಕೆಯ ನಿಯಮಗಳಲ್ಲೇ ಬರೆದುಬಿಟ್ಟಿತು. ಮಾಲೀಕರು ಯಾರು, ಗ್ರಾಹಕರು ಯಾರು, ಸಂಬಂಧ ಏನು, ಎಲ್ಲಾ ಹೇಳಬೇಕು. "ಅದಕ್ಕಂತ ಪ್ರತ್ಯೇಕ ದುಡ್ಡು ಕೊಡಲ್ಲ, ಸಂಬಳದ ಕೆಲಸದಲ್ಲೇ ಮಾಡಿದ್ದು" ಎನ್ನುತ್ತೀರಾ? ಸಂಬಳ ದುಡ್ಡಲ್ಲದೆ ಇನ್ನೇನು?

ಎರಡನೆಯದು, ಲೇಖನವೇ ಇಲ್ಲದಿದ್ದರೆ? ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಿ. ನಿಮಗೆ ಸಂಬಂಧವೇ ಇಲ್ಲದ ಪತ್ರಕರ್ತರೋ ಲೇಖಕರೋ ನಿಮ್ಮ ಕಂಪನಿ ಬಗ್ಗೆ ತಾವಾಗಿಯೇ ವಿವರವಾಗಿ ಬರೆದಿದ್ದಾರಾ? ನೀವು ಕಳಿಸಿದ ಪ್ರೆಸ್ ನೋಟ್ ಹಾಗೇ ಅಚ್ಚಾದದ್ದು ಲೆಕ್ಕಕ್ಕಿಲ್ಲ. ನಿಮ್ಮ ಯಜಮಾನರ ಸಂದರ್ಶನವೂ ಅಲ್ಲ. ಹೊಸ ಶಾಖೆ ತೆರೆದರು ಎಂಬ ಎರಡು ಸಾಲಿನ ಸುದ್ದಿಯೂ ಅಲ್ಲ. ಇವನ್ನೆಲ್ಲಾ ಬದಿಗಿಟ್ಟ ಮೇಲೆ ಏನೂ ಉಳಿಯಲಿಲ್ಲ ಅಂದರೆ, ಲೇಖನದ ಹೊತ್ತು ಇನ್ನೂ ಬಂದಿಲ್ಲ. ಮ್ಯಾನೇಜರಿಗೆ ಹಾಗೇ ಹೇಳಿ. ನನ್ನ ಹೆಸರು ಬೇಕಾದರೂ ಹೇಳಿ.

ಲಿಂಕ್ ಹಾಕಿದರೆ ಗೂಗಲ್‌ನಲ್ಲಿ ಮೇಲೆ ಬರುತ್ತೇವೆ ಎಂದು ಲೆಕ್ಕ ಹಾಕುವವರೂ ಇದ್ದಾರೆ. ಇಂಗ್ಲಿಷ್ ವಿಕಿಪೀಡಿಯ 2007ರಲ್ಲೇ ಹೊರಗಿನ ಎಲ್ಲಾ ಲಿಂಕ್‌ಗಳಿಗೂ ನೋಫಾಲೋ ಎಂಬ ಗುರುತು ಹಾಕಿತು. ಈ ಲಿಂಕನ್ನು ನಮ್ಮ ಶಿಫಾರಸು ಎಂದು ಎಣಿಸಬೇಡಿ ಎಂದು ಹುಡುಕುಯಂತ್ರಕ್ಕೆ ಹೇಳುವ ಗುರುತು ಅದು.

ಚಿತ್ರ ಹಾಕುವುದರಲ್ಲಿ ಏನು ತಪ್ಪು ಎಂದು ಕೇಳುವವರಿಗೆ: 2019ರಲ್ಲಿ ದಿ ನಾರ್ತ್ ಫೇಸ್ ಕಂಪನಿಯ ಜಾಹೀರಾತು ಏಜೆನ್ಸಿ ಪ್ರವಾಸಿ ತಾಣಗಳ ಲೇಖನಗಳಲ್ಲಿದ್ದ ಚಿತ್ರ ತೆಗೆದು, ಅದೇ ಜಾಗಗಳಲ್ಲಿ ಆ ಕಂಪನಿಯ ಬಟ್ಟೆ, ಚೀಲ ಕಾಣುವ ಚಿತ್ರ ಹಾಕಿತು. ಮಾಡಿದ್ದನ್ನು ಹೆಮ್ಮೆಯಿಂದ ವಿಡಿಯೋ ಮಾಡಿ ತಾವೇ ಹೇಳಿಕೊಂಡರು! ಸ್ವಯಂಸೇವಕರು ಕೆಲವು ಚಿತ್ರ ತೆಗೆದರು, ಕೆಲವನ್ನು ಬ್ರಾಂಡ್ ಕಾಣದ ಹಾಗೆ ಕತ್ತರಿಸಿದರು. ಕಂಪನಿ ಕ್ಷಮೆ ಕೇಳಿತು.

ಕೊನೆಯದು. ಇದನ್ನು ಹೇಳದೆ ನಾನು ಏಳುವುದಿಲ್ಲ. "ದುಡ್ಡು ಕೊಡಿ, ಪುಟ ಮಾಡಿಸಿಕೊಡುತ್ತೇವೆ, ಅಳಿಸದ ಹಾಗೆ ನೋಡಿಕೊಳ್ಳುತ್ತೇವೆ" ಎಂದು ಯಾರಾದರೂ ಮೇಲ್ ಕಳಿಸಿದರೆ, ಕೊಡಬೇಡಿ. 2015ರಲ್ಲಿ ಇಂಥದೇ ಒಂದು ಜಾಲ ಸಿಕ್ಕಿಬಿತ್ತು. ತಿರಸ್ಕಾರವಾದ ಡ್ರಾಫ್ಟ್‌ಗಳನ್ನು ಹುಡುಕಿ, ಆ ಕಂಪನಿಯವರನ್ನೇ ಸಂಪರ್ಕಿಸಿ, ಪ್ರಕಟಿಸಲು ದುಡ್ಡು ಕೇಳುತ್ತಿದ್ದರು. ಆಮೇಲೆ ಲೇಖನ ಕಾಯಲು ಮತ್ತೆ ದುಡ್ಡು. 381 ಖಾತೆಗಳನ್ನು ಬ್ಲಾಕ್ ಮಾಡಲಾಯಿತು, 210 ಲೇಖನಗಳನ್ನು ಅಳಿಸಲಾಯಿತು. ದುಡ್ಡು ಕೊಟ್ಟವರಿಗೆ ಪುಟವೂ ಇಲ್ಲ, ದುಡ್ಡೂ ಇಲ್ಲ. ವಿಕಿಪೀಡಿಯದಲ್ಲಿ ಲೇಖನ ಪ್ರಕಟಿಸಲು ಯಾರಿಗೂ ಒಂದು ಪೈಸೆ ಕೊಡಬೇಕಾಗಿಲ್ಲ.

ನಿಯಮಕ್ಕೆ ವಿನಾಯಿತಿ ಇದೆಯಾ, ಕಾಗುಣಿತ ತಿದ್ದಬಹುದಾ, ಫೋನ್ ನಂಬರ್ ಬದಲಾಯಿಸಬಹುದಾ ಎಂದೆಲ್ಲಾ ನನಗೆ ಪತ್ರ ಬರೆಯಬೇಡಿ. ಕಂಪನಿಯ ಫೋನ್ ನಂಬರಿಗೆ ವಿಶ್ವಕೋಶದಲ್ಲಿ ಜಾಗವೇ ಇಲ್ಲ. ಉಳಿದದ್ದು ಏನೇ ಇರಲಿ, ಚರ್ಚೆ ಪುಟಕ್ಕೆ ಹೋಗಿ. ಅಲ್ಲಿ ನನ್ನಂಥವನೊಬ್ಬ ಊಟ ಮುಗಿಸಿ ಕೂತಿರುತ್ತಾನೆ. ಉತ್ತರ ಒಂದೆರಡು ವಾರ ತಡ ಆಗಬಹುದು, ಅವನಿಗೂ ಮನೆಯವರು ಬೈಯುತ್ತಿರುತ್ತಾರೆ.

ನಮಸ್ಕಾರ.