ಖೋಲಿಗಿ ನೀವೇ ಬಣ್ಣ ಹಚ್ತೀರಾ? ಮೊದಲ ಗ್ವಾಡಿ ನೋಡ್ರಿ

ನಮಸ್ಕಾರ್ರಿ ಎಲ್ಲರಿಗೂ. ದಸರಾ ದೀಪಾವಳಿ ಬಂತಂದ್ರ ನಮ್ ಕಲಬುರಗಿ ಕಡಿ ಎಲ್ಲಾರ ಮನ್ಯಾಗೂ ಸುಣ್ಣ-ಬಣ್ಣದ್ದೇ ಮಾತು, ಪೇಂಟರ್ ಸಿಗಲ್ಲ, ಸಿಕ್ರೂ ನಾಳಿ ನಾಡದು ಅಂತಾರ, ಹಿಂಗಾಗಿ ಒಂದ್ ಖೋಲಿಯಾದ್ರೂ ನಾವೇ ಹಚ್ಚಬಹುದೇನ್ರಿ ಅಂತ ಭಾಳ ಮಂದಿ ಕೇಳ್ತಾರ. ಖಂಡಿತ ಹಚ್ಚಬಹುದು. ಆದ್ರ ನಮ್ಮೂರಿನ ಸೂಪರ್ ಮಾರ್ಕೆಟ್ ಬಜಾರಿಗಿ ಹೋಗಿ ಬಣ್ಣದ ಡಬ್ಬಿ ತರೋಕಿಂತ ಮೊದಲ ಗ್ವಾಡಿ ನೋಡ್ರಿ, ಮುಕ್ಕಾಲು ಕೆಲಸ ಅಲ್ಲೇ ಅದ.

(ಅಂಗೈಲೆ ಗ್ವಾಡಿ ಒರೆಸೋದು, ಕೈ ತುಂಬ ಬಿಳಿ ಪುಡಿ)

ಹಿಂಗ ಕೈ ಆಡಸ್ರಿ. ಬಿಳಿ ಪುಡಿ ಹತ್ತಿತಂದ್ರ ಹಳೀ ಸುಣ್ಣ ಅದ ಅಂತ ತಿಳ್ಕೋರಿ. ಬ್ರಹ್ಮಪುರ, ಶಹಾಬಜಾರ್ ಕಡಿ ಹಳೀ ಕಲ್ಲಿನ ಮನಿಗೋಳ್ಯಾಗಂತೂ ವರ್ಷಾ ವರ್ಷಾ ಹಚ್ಚಿದ ಸುಣ್ಣ ಪದರಿನ ಮ್ಯಾಲ ಪದರ ಕುಂತಿರ್ತದ. ಅದರ ಮ್ಯಾಲ ಸೀದಾ ಇಮಲ್ಷನ್ (ನೀರು ಬೆರೆಸಿ ಹಚ್ಚೋ ಗ್ವಾಡಿ ಬಣ್ಣ) ಹೊಡದ್ರ ಬಣ್ಣ ಆ ಪುಡಿನ್ನೇ ಹಿಡಕೋತದ, ಒಣಗಿ ಬಿಗಿ ಆತಂದ್ರ ಸುಣ್ಣಾನೂ ಕಿತ್ಕೊಂಡು ಚಕ್ಕಿ ಏಳ್ತದ, ಆಮ್ಯಾಲ ಜನ ಬಣ್ಣದ ಕಂಪನಿಗಿ ಬೈತಾರ. ಹಂಗಾಗಿ ನೀರು ಚಿಮುಕಿಸಿ, ನೆನೀಲಿಕ್ಕ ಬಿಟ್ಟು, ಪತ್ತಿ (ಹೆರಿಯೋ ಚಪ್ಪಟಿ ತಗಡು) ತಗೊಂಡು ಹೆರೀರಿ. ಗಟ್ಟಿ ಗಿಲಾವು ಕಾಣೋತನಕ ಹೆರೀರಿ. ಬೇಜಾರಿನ ಕೆಲಸ ಖರೇ, ಆದ್ರ ಇದನ್ನ ಬಿಟ್ಟು ಮುಂದ ಹೋಗಬ್ಯಾಡ್ರಿ.

ಇನ್ನೊಂದು, ಹಸಿ. ನಮ್ ಕಡಿ ಮಳಿ ಆಗಸ್ಟ್ ಸೆಪ್ಟೆಂಬರ್‌ದಾಗೇ ಜೋರು, ಅದು ಮುಗೀತೋ ಇಲ್ಲೋ ದಸರಾ ಬಂದೇ ಬಿಡ್ತದ, ಗ್ವಾಡಿ ಮ್ಯಾಲ ಒಣಗಿದಂಗ ಕಂಡ್ರೂ ಒಳಗ ನೀರು ಇರ್ತದ. ಗೊತ್ತಾಗಬೇಕಂದ್ರ ಒಂದ್ ಪ್ಲಾಸ್ಟಿಕ್ ಹಾಳಿ ಗ್ವಾಡಿಗಿ ನಾಕೂ ಕಡಿ ಟೇಪ್ ಹಚ್ಚಿ ಒಂದ್ ದಿನ ಪೂರ್ತಿ ಬಿಡ್ರಿ, ಮರುದಿನ ಒಳಗಿನ ಬಾಜು ನೀರಿನ ಹನಿ ಕಂಡ್ರ ಬಣ್ಣದ ಮಾತೇ ಬ್ಯಾಡ, ಇನ್ನೂ ಒಣಗಲಿ. ಕೆಳಗ ಫರಸಿ ಹತ್ರ ಹತ್ತಿ ಅರಳಿದಂಗ ಬಿಳೇದು ಬಂದಿರ್ತದಲ್ಲ, ಅದು ಉಪ್ಪು. ಒಣ ಬ್ರಷ್‌ಲೆ ಉದುರಿಸಿ ತೆಗೀರಿ, ನೀರು ಹಾಕಿ ತೊಳದ್ರ ಕರಗಿ ಮತ್ತ ಗ್ವಾಡಿ ಒಳಗೇ ಹೋಗ್ತದ. ಮತ್ತ ನೀರು ಎಲ್ಲಿಂದ ಬರಾಕತ್ತದ ಅಂತ ಹುಡುಕಿ ಅದನ್ನ ನಿಲ್ಲಿಸ್ರಿ, ಇಲ್ಲಂದ್ರ ಯಾವ ದುಬಾರಿ ಬಣ್ಣಾನೂ ಅಲ್ಲಿ ನಿಲ್ಲಲ್ಲ.

ಬಿರುಕಿನ ಬಗ್ಗಿ ಹೇಳ್ಬೇಕ್ರಿ. ನಮ್ದು ಕರಿ ಮಣ್ಣಿನ ನೆಲ, ಮಳಿಗಾಲದಾಗ ಉಬ್ತದ, ಬ್ಯಾಸಗ್ಯಾಗ ಕುಗ್ಗಿ ಬಿರೀತದ, ಮನಿನೂ ಅದರ ಜೋಡಿ ಅಲ್ಲಾಡ್ತದ. ಕೂದಲೆಳಿಯಂಥ ಬಿರುಕಿದ್ರ ಪತ್ತಿ ಮೂಲಿಲೆ ಸ್ವಲ್ಪ್ ಅಗಲ ಮಾಡಿ, ಧೂಳಾ ಊದಿ, ಕ್ರ್ಯಾಕ್ ಪೇಸ್ಟ್ ತುಂಬ್ರಿ. ಕಿಡಕಿ ಮೂಲಿಯಿಂದ ಓರೆ ಹೋಗಿರೋ ಬಿರುಕು ವರ್ಷಾ ವರ್ಷಾ ದೊಡ್ಡದಾಗ್ಲಿಕತ್ತದ ಅಂದ್ರ ಪುಟ್ಟಿ (ಗ್ವಾಡಿ ಸಮ ಮಾಡ್ಲಿಕ್ಕ ನೀರಿನ್ಯಾಗ ಕಲಸಿ ಹಚ್ಚೋ ಪುಡಿ) ತುಂಬಿ ಮುಚ್ಚಬ್ಯಾಡ್ರಿ, ಗೌಂಡಿನ್ನ ಕರೆಸಿ ತೋರಸ್ರಿ.

(ಪುಟ್ಟಿ ಕಲಸೋದು)

ಪುಟ್ಟಿ 1 ಕಿಲೋಕ್ಕ ಸುಮಾರು 350 ರಿಂದ 400 ಎಂಎಲ್ ನೀರು. ಬೋರಿನ ಸವಳು ನೀರು ಹಾಕಬ್ಯಾಡ್ರಿ, ಕುಡಿಯೋ ನೀರೇ ಹಾಕ್ರಿ. ಎರಡ್ಮೂರು ತಾಸಿನ್ಯಾಗ ಮುಗಿಸೋ ಅಷ್ಟೇ ಕಲಸ್ರಿ. ತೆಳ್ಳಗ ಎರಡ್ ಕೈ, ಒಣಗಿದ ಮ್ಯಾಲ ಪಾಲಿಶ್ ಪೇಪರ್ ತಿಕ್ಕಿ, ಧೂಳಾ ಒರೆಸಿ, ಪ್ರೈಮರ್ (ಬಣ್ಣ ಗಟ್ಟಿ ಹಿಡೀಲಿ ಅಂತ ಮೊದಲ ಹಚ್ಚೋದು) ಒಂದ್ ಕೈ. ತಿಕ್ಕುವಾಗ ಮಾಸ್ಕ್ ಹಾಕ್ಕೋರಿ. ಹಳೀ ಬಾಗಲ ಕಿಡಕಿ ಆಯಿಲ್ ಪೇಂಟ್ ಅಂತೂ ಒಣಾ ತಿಕ್ಕಲೇಬ್ಯಾಡ್ರಿ, ಪೇಂಟಿನ್ಯಾಗ ವಿಷದ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಾಗ 90 ಭಾಗ) ಮೀರಬಾರದು ಅನ್ನೋ ನಿಯಮ ನಮ್ ದೇಶದಾಗ ಜಾರಿಗಿ ಬಂದದ್ದೇ ನವೆಂಬರ್ 2017ಕ್ಕ, ಅದಕ್ಕಿಂತ ಹಳೀದ್ರಾಗ ಸೀಸ ಇರಬಹುದು. ನೀರು ಹಚ್ಚಿ ತಿಕ್ರಿ, ಸಣ್ ಹುಡುಗರನ್ನ ಆ ಖೋಲಿ ಹತ್ರ ಬಿಡಬ್ಯಾಡ್ರಿ.

ಬಣ್ಣ ಎಷ್ಟ್ ಬೇಕು? 10 ಬೈ 12 ಖೋಲಿ, 10 ಫೂಟ್ ಎತ್ತರ ಅಂದ್ರ ನಾಕೂ ಗ್ವಾಡಿ ಕೂಡಿ 440 ಚದರ ಅಡಿ, ಬಾಗಲ ಕಿಡಕಿ ತೆಗದ್ರ 390 ಹತ್ರ. ಸಾಧಾರಣ ಇಮಲ್ಷನ್ 1 ಲೀಟರ್‌ನ್ಯಾಗ ಎರಡ್ ಕೋಟ್ ಹಚ್ಚಿದ್ರ 60-70 ಚದರ ಅಡಿ ಹಿಡೀರಿ, ಅಂದ್ರ 6 ಲೀಟರ್. ಡಬ್ಬಿ ಮ್ಯಾಲ ಬರದಿರ್ತದ, ಅದನ್ನೂ ಓದ್ರಿ. ಮಶೀನಿನ್ಯಾಗ ಮಾಡಿಸಿದ ಕಲರ್ ಡಬ್ಬಿಯಿಂದ ಡಬ್ಬಿಗಿ ಸ್ವಲ್ಪ್ ಫರಕ್ ಬರಬಹುದು, ಎಲ್ಲಾ ಒಂದೇ ಬಕೆಟ್‌ನ್ಯಾಗ ಸುರುವಿ ಕಲಸ್ರಿ.

ನೆಲದ ಶಹಾಬಾದ್ ಫರಸಿ ಪೂರ್ತಿ ಮುಚ್ರಿ. ಪಾಲಿಶ್ ಇಲ್ಲದ ಫರಸಿ ಮ್ಯಾಲ ಬಣ್ಣದ ಹನಿ ಒಣಗಿತಂದ್ರ ತಿಕ್ಕಿ ತಿಕ್ಕಿ ಸಾಕಾಗ್ತದ.

(ರೋಲರ್)

ಮೊದಲ ಛತ್ತು, ಆಮ್ಯಾಲ ಗ್ವಾಡಿ, ಕಡೀಕ ಬಾಗಲ ಕಿಡಕಿ. ಮೂಲಿಗಿ, ಸ್ವಿಚ್ ಬೋರ್ಡ್ ಸುತ್ತ 2 ಇಂಚಿನ ಬ್ರಷ್‌ಲೆ ಹಚ್ಚಿ, ಅದು ಹಸಿ ಇರೋದ್ರೊಳಗ ರೋಲರ್ ಹೊಡೀರಿ. ನಮ್ಮೂರಿನ ಒಣ ಬಿಸಿಲಿಗಿ ಬಣ್ಣ ಝಟ್ಟನ ಒಣಗ್ತದ, ಒಣಗಿದ ಅಂಚಿನ ಮ್ಯಾಲ ಮತ್ತ ರೋಲರ್ ಹೋತಂದ್ರ ಪಟ್ಟಿ ಪಟ್ಟಿ ಕಾಣ್ತದ, ಅದಕ್ಕ ಹಚ್ಚುವಾಗ ಫ್ಯಾನ್ ಬಂದ್ ಮಾಡ್ರಿ, ಶೆಕಿ ಆದ್ರೂ ತಡಕೋರಿ. ಪಡುವಣ ಗ್ವಾಡಿ ಮಧ್ಯಾಹ್ನದಾಗ ಕಾದಿರ್ತದ, ಅದನ್ನ ಮುಂಜಾನೇ ಮುಗಿಸ್ರಿ. ಮೇ ತಿಂಗಳದಾಗ 42 ಡಿಗ್ರಿ ದಾಟಿದಾಗ ಈ ಕೆಲಸಕ್ಕ ಕೈ ಹಾಕಲೇಬ್ಯಾಡ್ರಿ ಅಂತೀನಿ ನಾನು, ದೀಪಾವಳಿ ಆದ ಮ್ಯಾಲ ನವೆಂಬರ್ ಡಿಸೆಂಬರ್ ಎಷ್ಟೋ ಚಲೋ, ಗ್ವಾಡಿನೂ ಒಣಗಿರ್ತದ, ಪೇಂಟ್ ಅಂಗಡ್ಯಾಗ ಗದ್ದಲಾನೂ ಕಡಿಮಿ. ಹಬ್ಬಕ್ಕ ಆಗಬೇಕು ಅಂತ ಹಸಿ ಗ್ವಾಡಿ ಮ್ಯಾಲ ಹಚ್ಚೋದು ನನಗಂತೂ ಸೇರಲ್ಲ.

ಒಂದ್ ಕೋಟ್‌ಗೂ ಇನ್ನೊಂದಕ್ಕೂ ನಾಕು ತಾಸು ಬಿಡ್ರಿ. ಮೊದಲ್ನೇದು ಒಣಗಿದಾಗ ಕಲೆಕಲೆ ಕಾಣ್ತದ, ಹೆದರಬ್ಯಾಡ್ರಿ, ಎರಡ್ನೇದಕ್ಕ ಸಮ ಆಗ್ತದ. ಟೇಪ್ ಹಚ್ಚಿದ್ರ ಬಣ್ಣ ಸ್ವಲ್ಪ್ ಹಸಿ ಇರುವಾಗೇ ಎಳೀರಿ. ಉಳದ ಬಣ್ಣ ಗಟ್ಟಿ ಮುಚ್ಚಳದ ಸಣ್ ಡಬ್ಬಿಗಿ ಹಾಕಿ, ಕಲರ್ ಕೋಡ್ ಬರದು ನೆರಳಿನ್ಯಾಗ ಇಡ್ರಿ, ಮುಂದ ಮೊಳೆ ಹೊಡದ ತೂತು ಮುಚ್ಚಲಿಕ್ಕ ಬೇಕಾಗ್ತದ.