ಅಲಸಂಡೆ ಚಪ್ಪರದಲ್ಲಿ ನೇತಾಡುತ್ತಿದ್ದ ಉರುಮಿ

ಕೇಳುಗರಿಗೆಲ್ಲ ನಮಸ್ಕಾರ. ನಾನು ಕುಂಬಳೆಯ ಹತ್ತಿರ ಮಕ್ಕಳಿಗೆ ಕರಾಟೆ ಮತ್ತು ಕೇರಳದ ಸಮರಕಲೆ ಕಳರಿ ಕಲಿಸುವವನು. ಜತೆಗೆ ಇನ್ನೊಂದು ಹುಚ್ಚಿದೆ. ಕರಾಟೆ, ಜೂಡೋ, ಕಳರಿ, ಕಿಕ್ ಬಾಕ್ಸಿಂಗ್ ಸ್ಪರ್ಧೆಗಳ ಹಳೆಯ ಡಿವಿಡಿ ಹುಡುಕಿ ಕೂಡಿಡುವುದು. ಇವತ್ತು ಹೇಳಬೇಕೆಂದಿರುವುದು ಒಂದೇ ಮಾತು. ನಿಮ್ಮ ಮನೆಯಲ್ಲಿ ಅಂಥ ಡಿಸ್ಕ್ ಇದ್ದರೆ ಇವತ್ತೇ ಕಾಪಿ ಮಾಡಿ. ಮಳೆಗಾಲ ಮುಗಿಯಲಿ, ಮಗ ಊರಿಗೆ ಬರಲಿ ಎಂದು ಕಾಯಬೇಡಿ.

“ಯೂಟ್ಯೂಬಿನಲ್ಲಿ ಎಲ್ಲಾ ಸಿಗುತ್ತದಲ್ಲ ಮಾಷ್ಟ್ರೇ?” ಎಂದು ಹುಡುಗರು ಕೇಳುತ್ತಾರೆ. ಎಲ್ಲಾ ಸಿಗುವುದಿಲ್ಲ. 1993ರಲ್ಲಿ ಅಮೆರಿಕದ ಡೆನ್ವರಿನಲ್ಲಿ ನಡೆದ ಮೊದಲ ಯುಎಫ್‌ಸಿ ಸಿಗುತ್ತದೆ. ಬೇರೆ ಬೇರೆ ಸಮರಕಲೆಯವರು ಸೆಣಸುವ ಸ್ಪರ್ಧೆ ಅದು; ಬ್ರೆಜಿಲಿನ ರಾಯ್ಸ್ ಗ್ರೇಸಿ ತನಗಿಂತ ಹೆಚ್ಚು ತೂಕದ ಮೂವರನ್ನು ಒಂದೇ ರಾತ್ರಿ ಮಣಿಸಿದ್ದು ಅಲ್ಲೇ. ಅದನ್ನು ಕಾಯಲು ದೊಡ್ಡ ಕಂಪನಿಯಿದೆ. ಜಪಾನಿನಲ್ಲಿ 1997ರಿಂದ 2007ರವರೆಗೆ ನಡೆದ, ಅಂಥದ್ದೇ ಆದ ಪ್ರೈಡ್ ಪಂದ್ಯಗಳ ಡಿವಿಡಿಗೂ ಬೇರೆ ಬೇರೆ ದೇಶಗಳಲ್ಲಿ ಆಸೆಪಟ್ಟು ಕೊಳ್ಳುವವರಿದ್ದಾರೆ. ಆದರೆ ನಮ್ಮೂರಿನ ಕಳರಿ ಸ್ಪರ್ಧೆ? ಮದುವೆಗೆ ವೀಡಿಯೋ ತೆಗೆಯುವವರೇ ಬಂದು ಕ್ಯಾಮರಾ ಇಟ್ಟರು. ಇಪ್ಪತ್ತು ಡಿಸ್ಕ್ ರೈಟ್ ಮಾಡಿ ಹಂಚಿದರು. ಅಲ್ಲಿಗೆ ಮುಗಿಯಿತು. ನನ್ನನ್ನು ಕೇಳಿದರೆ ಅಪರೂಪದ ಡಿವಿಡಿ ಅಂದರೆ ಅದು.

ಒಂದು ಸಂಗತಿ ಹೇಳುತ್ತೇನೆ. ನಾನು ನನ್ನ ಗುರುಕ್ಕಳ, ಅಂದರೆ ಕಳರಿ ಗುರುಗಳ, ಬಳಿ ಸೇರಿದ್ದು 2009ರಲ್ಲಿ. ಆಗಲೇ ಅವರ ಭುಜಕ್ಕೆ ನೋವು. ಉರುಮಿ ಹಿಡಿಯುವುದನ್ನು ಬಿಟ್ಟಿದ್ದರು. ಉರುಮಿ ಗೊತ್ತಲ್ವಾ, ಸೊಂಟಕ್ಕೆ ಸುತ್ತಿಕೊಳ್ಳಬಹುದಾದ, ಬಳುಕುವ ಕತ್ತಿ. “2004ರಲ್ಲಿ ಒಂದು ಸ್ಪರ್ಧೆಯಲ್ಲಿ ಬೀಸಿದ್ದೆ, ವೀಡಿಯೋ ಇರಬೇಕು” ಎನ್ನುತ್ತಿದ್ದರು. ಅವರು ತೀರಿಹೋದ ಮೇಲೆ ಆ ಡಿಸ್ಕಿನ ಹಿಂದೆ ಬಿದ್ದೆ. ವೀಡಿಯೋ ತೆಗೆದವರ ಅಂಗಡಿ ಮುಚ್ಚಿತ್ತು. ಟೇಪಿನ ಮೇಲೆ ಯಾರದೋ ಮದುವೆ ತುಂಬಿಸಿದ್ದರು. ಗಲ್ಫಿನಲ್ಲಿರುವ ಹಳೆಯ ಶಿಷ್ಯರಿಗೆ ಫೋನ್ ಮಾಡಿದೆ. ಶಾರ್ಜಾದಲ್ಲಿದ್ದ ಒಬ್ಬರು, “ನನ್ನದೊಂದು ಮನೆಯಲ್ಲಿತ್ತು, ಅಮ್ಮನನ್ನು ಕೇಳಿ” ಎಂದರು.

ನೀರ್ಚಾಲಿನ ಹತ್ತಿರದ ಮನೆ. ಹೋದೆ. ಅಂಗಳದಾಚೆ ಅಲಸಂಡೆ ಚಪ್ಪರ. ಅದರ ತುಂಬ ಡಿಸ್ಕುಗಳು ಬಿಸಿಲಿಗೆ ಮಿಂಚುತ್ತಾ ತಿರುಗುತ್ತಿದ್ದವು. “ನವಿಲಿನ ಕಾಟ ಮಾಷ್ಟ್ರೇ, ಒಂದು ಕೋಡು ಉಳಿಸುವುದಿಲ್ಲ. ಹಾಳಾದ ಸಿಡಿ ಅಂತ ಕಟ್ಟಿದೆ” ಎಂದರು ಆ ಅಮ್ಮ. ಏಣಿ ಹತ್ತಿ ಒಂದೊಂದನ್ನೇ ತಿರುಗಿಸಿ ನೋಡಿದೆ. ಒಂದರ ಮೇಲೆ ಮಾರ್ಕರಿನ ಗುರುತು, ಅರ್ಧ ಮಾಸಿದ್ದು. “ಕಳರಿ 04.” ದಾರವನ್ನು ನಡುವಿನ ತೂತಿಗೇ ಪೋಣಿಸಿದ್ದರು, ಡಿಸ್ಕಿಗೆ ಪೆಟ್ಟಾಗಿರಲಿಲ್ಲ. ಆದರೆ ಎರಡು ಬೇಸಿಗೆಯ ಬಿಸಿಲು ತಿಂದಿತ್ತು.

ಮನೆಯ ಪ್ಲೇಯರ್ ಓದಲಿಲ್ಲ. ಲ್ಯಾಪ್‌ಟಾಪ್ ಕೂಡ ಓದಲಿಲ್ಲ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದುಂಟು. ಗೆಳೆಯನ ಮನೆಯ ಹಳೆಯ ಕಂಪ್ಯೂಟರಿಗೆ ಹಾಕಿದೆವು. ಅದು ರಾತ್ರಿಯಿಡೀ ಕಿರಗುಟ್ಟಿತು. ಬೆಳಿಗ್ಗೆ ನೋಡಿದರೆ ಹನ್ನೊಂದು ನಿಮಿಷ ಬಂದಿದೆ! ಒಂಬತ್ತನೆಯ ನಿಮಿಷದಲ್ಲಿ ಗುರುಕ್ಕಳು. ಎಡಗೈಯಲ್ಲಿ ಗುರಾಣಿ, ಬಲಗೈಯಲ್ಲಿ ಉರುಮಿ, ಸುಯ್ ಸುಯ್ ಸದ್ದು. “ಪಾದ ಊರುವ ಮೊದಲೇ ಮಣಿಕಟ್ಟು ತಿರುಗಬೇಕು” ಎಂದು ಅವರು ನೂರು ಸಲ ಹೇಳಿದ್ದರು. ನನಗೆ ಅರ್ಥವಾಗಿರಲಿಲ್ಲ. ಅವತ್ತು ಕಣ್ಣಾರೆ ಕಂಡೆ. ಆಮೇಲೆ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಟ್ಟಿತು. ಉಳಿದದ್ದು ಬಿಸಿಲಿಗೆ ಹೋಯಿತು.

ಯಾಕೆ ಹೋಯಿತು? ಕಂಪನಿಯ ಡಿಸ್ಕಿನಲ್ಲಿ ಗುಳಿಗಳನ್ನು ಒತ್ತಿ ಮಾಡಿರುತ್ತಾರೆ. ನಾವು ರೈಟ್ ಮಾಡುವ ಡಿಸ್ಕಿನಲ್ಲಿರುವುದು ಬಣ್ಣದ ಒಂದು ಪದರ. ಲೇಸರ್ ಅದನ್ನು ಸುಟ್ಟು ಗುರುತು ಹಾಕುತ್ತದೆ. ಬಿಸಿಲು, ಸೆಕೆ ಆ ಬಣ್ಣವನ್ನು ಕೆಡಿಸುತ್ತವೆ. ಡಿಸ್ಕಿನ ಹಿಂಬದಿ ನೋಡಿ. ನೇರಳೆ ಛಾಯೆ ಕಂಡರೆ ಅದು ರೈಟ್ ಮಾಡಿದ್ದು, ಅದನ್ನೇ ಮೊದಲು ಕಾಪಿ ಮಾಡಿ. ಇಡೀ ಡಿಸ್ಕನ್ನು ಹಾಗೆಯೇ ಒಂದು ಫೈಲಾಗಿ ಇಳಿಸಿಕೊಳ್ಳಿ, ಐಎಸ್‌ಓ ಎನ್ನುತ್ತಾರೆ. ಮಾಮೂಲಿ ಡಿವಿಡಿಯಲ್ಲಿ ಹಿಡಿಯುವುದು 4.7 ಜಿಬಿ. 64 ಜಿಬಿಯ ಒಂದು ಪೆನ್‌ಡ್ರೈವಿನಲ್ಲಿ ಹನ್ನೆರಡು ಡಿಸ್ಕ್ ಕೂರುತ್ತವೆ. ಮತ್ತೆ ತಡ ಯಾಕೆ?

ಸಮಯ ಕಡಿಮೆ ಉಳಿದಿದೆ, ಬೇಗ ಹೇಳುತ್ತೇನೆ. ಒರೆಸುವಾಗ ಮೆತ್ತನೆಯ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರ ಒರೆಸಿ, ಸುತ್ತ ತಿರುಗಿಸಬೇಡಿ. ಮೇಲೆ ಸ್ಟಿಕ್ಕರ್ ಅಂಟಿಸಬೇಡಿ. ಜಪಾನಿನ ಡಿಸ್ಕ್ ತರಿಸುವವರು ನೆನಪಿಡಿ, ಡಿಸ್ಕ್ ಯಾವ ದೇಶಗಳ ಪ್ಲೇಯರಿನಲ್ಲಿ ಓಡಬೇಕೆಂದು ಹೇಳುವ ರೀಜನ್ ಸಂಖ್ಯೆ ಅವರದು 2, ನಮ್ಮದು 5. ಕಂಪ್ಯೂಟರ್ ಡ್ರೈವಿನಲ್ಲಿ ರೀಜನ್ ಬದಲಿಸಲು ಐದೇ ಸಲ ಅವಕಾಶ. ಸುಮ್ನೆ ಒತ್ತಿ ನೋಡಬೇಡಿ.

ಮತ್ತೆ, ಕಾಪಿ ಮಾಡಿದ ಮೇಲೆ ಹೆಸರು ಬರೆದಿಡಿ. ಯಾವ ಊರು, ಯಾವ ವರ್ಷ, ಯಾರ ಎದುರು ಯಾರು. ನನ್ನ ಹನ್ನೊಂದು ನಿಮಿಷದಲ್ಲಿ ಗುರುಕ್ಕಳ ಎದುರು ಕೆಂಪು ಕಚ್ಚೆಯ ತೆಳ್ಳಗಿನ ಹುಡುಗನೊಬ್ಬ ಉರುಮಿ ಬೀಸುತ್ತಿದ್ದಾನೆ. ಅದ್ಭುತ ಕಾಲ್ಚಳಕ. ಯಾರೆಂದು ಇನ್ನೂ ಗೊತ್ತಾಗಿಲ್ಲ. ಈಗ ನಲವತ್ತರ ಆಸುಪಾಸು ಆಗಿರಬಹುದು. ಅದು ನೀವೇ ಆಗಿದ್ದು, ಇದನ್ನು ಕೇಳುತ್ತಿದ್ದರೆ, ದಯವಿಟ್ಟು ಬನ್ನಿ. ನಿಮಗಾಗಿ ಒಂದು ಕಾಪಿ ತೆಗೆದಿಟ್ಟಿದ್ದೇನೆ. ನಮಸ್ಕಾರ.