ಚಿನ್ನದ ಅಂಚಿನಲ್ಲಿ ನಡೆಯುವ ಕೆಲಸ

ಕೇಳುಗರೇ, ನಮಸ್ಕಾರ.

ನಮ್ಮ ಕಲಬುರಗಿಯ ಸರಾಫ್ ಬಜಾರಿಗೆ ಚಿನ್ನ ಕೊಳ್ಳಲು ಹೋದವರು ಏನು ಬಯಸುತ್ತಾರೆ? ಬಣ್ಣ ಮಾಸಬಾರದು, ತುಕ್ಕು ಹಿಡಿಯಬಾರದು. ಗಾಳಿ, ನೀರು ಯಾವುದಕ್ಕೂ ಜಗ್ಗದಿರುವುದೇ ಚಿನ್ನದ ಗುಣ ಅಲ್ವಾ? ಅದೇ ಗುಣದಿಂದಾಗಿ ರಸಾಯನಶಾಸ್ತ್ರದವರು ಬಹಳ ಕಾಲ ಚಿನ್ನವನ್ನು ಬದಿಗಿಟ್ಟಿದ್ದರು. ಪ್ಲಾಟಿನಂ, ಪಲ್ಲಾಡಿಯಂ ಒಳ್ಳೆಯ ಕ್ಯಾಟಲಿಸ್ಟುಗಳು. ಅಂದರೆ ತಾವು ಖರ್ಚಾಗದೆ ಬೇರೆ ವಸ್ತುಗಳ ನಡುವಿನ ಕ್ರಿಯೆಯನ್ನು ಚುರುಕು ಮಾಡುತ್ತವೆ. ಚಿನ್ನದ ಕೈಲಿ ಅದು ಆಗದು ಅಂತಲೇ ಹೆಚ್ಚಿನವರು ಎಣಿಸಿದ್ದರು.

ಈ ಎಣಿಕೆಯನ್ನು ಅಲುಗಾಡಿಸಿದವರು ಜಪಾನಿನ ಮಸಟಾಕೆ ಹರುಟಾ. ಕಬ್ಬಿಣದಂಥ ಲೋಹಗಳ ಆಕ್ಸೈಡ್ ಪುಡಿಯ ಮೇಲೆ ಚಿನ್ನವನ್ನು ಕೆಲವೇ ನ್ಯಾನೋಮೀಟರಿನ, ಅಂದರೆ ಮಿಲಿಮೀಟರಿನ ಹತ್ತು ಲಕ್ಷದ ಕೆಲವೇ ಪಾಲಿನಷ್ಟು ಸಣ್ಣ ಕಣಗಳಾಗಿ ಕೂರಿಸಿದರೆ ಏನಾಗುತ್ತದೆ ಎಂದು 1987ರಲ್ಲಿ ಅವರ ತಂಡ ತೋರಿಸಿತು. ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವು ಸೊನ್ನೆಗಿಂತ 70 ಡಿಗ್ರಿ ಕೆಳಗಿನ ಚಳಿಯಲ್ಲೂ ಆಕ್ಸಿಜನ್ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗಿಬಿಡುತ್ತದೆ! 3 ನ್ಯಾನೋಮೀಟರಿನ ಒಂದು ಕಣದಲ್ಲಿ ಇರುವುದು ಸುಮಾರು 800 ಚಿನ್ನದ ಪರಮಾಣುಗಳು, ಅಷ್ಟೇ. ಟೈಟಾನಿಯಂ ಆಕ್ಸೈಡಿನ ಬಿಳಿ ಪುಡಿಯ ಮೇಲೆ ಇಂಥ ಕಣಗಳು ಕೂತರೆ ಪುಡಿ ಹಳದಿಯಾಗುವುದಿಲ್ಲ, ನೇರಳೆ ಬಣ್ಣಕ್ಕೆ ತಿರುಗುತ್ತದೆ.

ಸರಿ, ಈ ಕೆಲಸ ನಡೆಯುವುದು ಎಲ್ಲಿ? ಚಿನ್ನದ ನೆತ್ತಿಯ ಮೇಲೋ, ಕೆಳಗಿನ ಆಕ್ಸೈಡಿನ ಮೇಲೋ? ಇದನ್ನು ಪತ್ತೆ ಮಾಡಲು ನೆರವಾಗುವುದು ಅವಗೆಂಪು ಬೆಳಕು. ಕಣ್ಣಿಗೆ ಕಾಣುವ ಕೆಂಪಿನಿಂದಾಚೆ ಇರುವ ಬೆಳಕು ಅದು. 1800ರಲ್ಲಿ ವಿಲಿಯಂ ಹರ್ಷಲ್ ಥರ್ಮಾಮೀಟರ್ ಇಟ್ಟು ಕಂಡುಕೊಂಡದ್ದು.

ಕಾರ್ಬನ್ ಮಾನಾಕ್ಸೈಡ್ ಅಣುವಿನಲ್ಲಿ ಎರಡೇ ಪರಮಾಣುಗಳು. ಅವು ಸದಾ ಹತ್ತಿರ ಬರುತ್ತಾ, ದೂರ ಸರಿಯುತ್ತಾ ಕಂಪಿಸುತ್ತಿರುತ್ತವೆ. ಆ ಕಂಪನಕ್ಕೆ ಹೊಂದುವ ಬೆಳಕನ್ನಷ್ಟೇ ಅಣು ಹೀರುತ್ತದೆ. ಹೀರಿದ ಜಾಗ ಯಂತ್ರ ಬರೆಯುವ ರೋಹಿತ ಎಂಬ ನಕ್ಷೆಯಲ್ಲಿ ಒಂದು ಪಟ್ಟಿಯಾಗಿ ಕಾಣುತ್ತದೆ. ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆಗಳು ಹಿಡಿಸುತ್ತವೆ ಎಂಬುದು ಇಲ್ಲಿ ಅಳತೆ. ಅಣು ಸ್ವತಂತ್ರವಾಗಿದ್ದಾಗ ಈ ಸಂಖ್ಯೆ 2143. ಚಿನ್ನದ ಕಣದ ಮೇಲೆ ಕೂತರೆ 2100ರ ಆಸುಪಾಸಿಗೆ ಇಳಿಯುತ್ತದೆ. ಟೈಟಾನಿಯಂ ಆಕ್ಸೈಡಿನ ಮೇಲೆ ಕೂತರೆ 2180ರ ಹತ್ತಿರಕ್ಕೆ ಏರುತ್ತದೆ. ಎಲ್ಲಿ ಕೂತಿದ್ದೇನೆ ಎಂಬುದನ್ನು ಅಣು ತಾನೇ ಹೇಳಿದಂತಾಯಿತು.

ಪ್ರಯೋಗಶಾಲೆಯಲ್ಲಿ ಪುಡಿಯನ್ನು ಒತ್ತಿ, ಬೆಳಕು ಹಾಯುವಷ್ಟು ತೆಳುವಾದ ಬಿಲ್ಲೆ ಮಾಡುತ್ತಾರೆ. ಸ್ವಲ್ಪ ಜಾಸ್ತಿ ದಪ್ಪವಾದರೂ ಬೆಳಕು ದಾಟುವುದಿಲ್ಲ, ತೀರಾ ತೆಳುವಾದರೆ ಎತ್ತುವಾಗಲೇ ಒಡೆಯುತ್ತದೆ. ಬಿಲ್ಲೆಯನ್ನು ಗಾಳಿ ತೆಗೆದ ಕೋಶದಲ್ಲಿಟ್ಟು ಕಾಯಿಸಿ ತೇವ ಓಡಿಸುತ್ತಾರೆ. ಆಮೇಲೆ ದ್ರವ ನೈಟ್ರೋಜನ್‌ನಿಂದ ತಣ್ಣಗೆ ಮಾಡುತ್ತಾರೆ. ಚಿನ್ನಕ್ಕೂ ಈ ಅನಿಲಕ್ಕೂ ನಂಟು ಬಹಳ ಸಡಿಲ. ಚಳಿ ಇಲ್ಲದಿದ್ದರೆ ಅಣುಗಳು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

2011ರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಜಾನ್ ಯೇಟ್ಸ್ ತಂಡ ಹೀಗೆಯೇ ಚಿನ್ನದ ಮತ್ತು ಆಕ್ಸೈಡಿನ ಎರಡೂ ಪಟ್ಟಿಗಳ ಮೇಲೆ ಕಣ್ಣಿಟ್ಟಿತು. ಆಕ್ಸಿಜನ್ ಬಿಟ್ಟಾಗ ಚಿನ್ನದ ಮೇಲಿನ ಅಣುಗಳು ಮೊದಲು ಕರಗಬೇಕಿತ್ತು ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಆದರೆ ಬೇಗ ಕುಗ್ಗಿದ್ದು ಆಕ್ಸೈಡಿನ ಪಟ್ಟಿ! ಚಿನ್ನವಿಲ್ಲದ ಬರೀ ಆಕ್ಸೈಡಿನ ಮೇಲೆ ಈ ಕ್ರಿಯೆ ನಡೆಯುವುದೇ ಇಲ್ಲ. ಹಾಗಾದರೆ ಉಳಿದದ್ದು ಒಂದೇ ಜಾಗ: ಚಿನ್ನ ಮತ್ತು ಆಕ್ಸೈಡ್ ಕೂಡುವ ಅಂಚು. ಬೀದರಿನ ಬಿದರಿ ಹೂಜಿಯಲ್ಲಿ ಬೆಳ್ಳಿ ತಂತಿಯೂ ಕಪ್ಪು ಲೋಹವೂ ಸೇರುವ ಗೆರೆ ಇದೆಯಲ್ಲ, ಅಂಥದ್ದೇ ಗೆರೆ, ಲಕ್ಷಾಂತರ ಪಟ್ಟು ಸಣ್ಣದು. ಅಲ್ಲಿ ಆಕ್ಸಿಜನ್ ಅಣುವಿಗೆ ಒಂದು ಕಡೆ ಚಿನ್ನದ, ಇನ್ನೊಂದು ಕಡೆ ಟೈಟಾನಿಯಂನ ಆಸರೆ ಸಿಗುತ್ತದೆ. ನನಗೆ ಈ ಇಡೀ ಕ್ಷೇತ್ರದಲ್ಲಿ ಇದಕ್ಕಿಂತ ಚೆಂದದ ಪ್ರಯೋಗ ಕಂಡಿಲ್ಲ.

ಆದರೆ ಒಂದು ಪಟ್ಟಿಯ ಸಂಖ್ಯೆ ನೋಡಿ ಸುಮ್ನೆ ತೀರ್ಮಾನಕ್ಕೆ ಬರಬಾರದು. ವಿದ್ಯುದಂಶ ಹೊತ್ತ ಚಿನ್ನದ ಮೇಲೆ ಕೂತ ಅಣುವೂ 2170ರವರೆಗೆ ಏರಬಲ್ಲದು, ಆಗ ಅದು ಆಕ್ಸೈಡಿನ ಪಟ್ಟಿಯ ಪಕ್ಕಕ್ಕೇ ಬರುತ್ತದೆ. ಪರೀಕ್ಷೆಗೆಂದು ಬಿಟ್ಟ ಕಾರ್ಬನ್ ಮಾನಾಕ್ಸೈಡೇ ಅಂಥ ಚಿನ್ನವನ್ನು ಮಾಮೂಲಿ ಚಿನ್ನವಾಗಿ ಬದಲಾಯಿಸುವುದೂ ಉಂಟು. ಅದಕ್ಕೇ ಬಿಲ್ಲೆಯನ್ನು ಬಿಸಿ ಮಾಡುತ್ತಾ, ಅನಿಲದ ಒತ್ತಡ ತಗ್ಗಿಸುತ್ತಾ, ಯಾವ ಪಟ್ಟಿ ಮೊದಲು ಮಾಯವಾಗುತ್ತದೆ ಎಂದು ನೋಡಬೇಕು.

ಕೆಲಸ ಮಾಡುತ್ತಾ ಮಾಡುತ್ತಾ ಈ ಕ್ಯಾಟಲಿಸ್ಟ್ ಸೋಲುತ್ತದೆ. ಕಣಗಳು ಒಂದಕ್ಕೊಂದು ಕೂಡಿ ದಪ್ಪವಾಗುವುದು ಒಂದು ಕಾರಣ. ಮೇಲ್ಮೈಯಲ್ಲಿ ಕಾರ್ಬನ್, ಆಕ್ಸಿಜನ್ ಸೇರಿದ ಕಾರ್ಬೊನೇಟ್ ಕಟ್ಟಿಕೊಂಡು ಜಾಗ ಮುಚ್ಚಿಹೋಗುವುದು ಇನ್ನೊಂದು. ಕಾರ್ಬೊನೇಟ್ ಪಟ್ಟಿಗಳು 1300ರಿಂದ 1700ರ ನಡುವೆ ಕಾಣುತ್ತವೆ. ಎಂ.ಎಸ್ಸಿ. ಓದುವವರು ಕೇಳುತ್ತಿದ್ದರೆ, ನಿಮ್ಮ ವಿಭಾಗದ ಅವಗೆಂಪು ಯಂತ್ರದಲ್ಲಿ ಒಂದು ಚಿಟಿಕೆ ಶಹಾಬಾದ್ ಪರ್ಸಿ ಕಲ್ಲಿನ ಪುಡಿ ಹಾಕಿ ನೋಡಿ. ಅದು ಸುಣ್ಣದ ಕಲ್ಲು, ಅಂದರೆ ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. 1430ರ ಸುತ್ತ ಅಗಲವಾದ ಪಟ್ಟಿ, 875 ಮತ್ತು 712ರಲ್ಲಿ ಚೂಪಾದ ಎರಡು ಪಟ್ಟಿಗಳು ಬರುತ್ತವೆ. ಇವನ್ನು ಒಮ್ಮೆ ನೋಡಿ ಕಣ್ಣು ಪಳಗಿದರೆ, ಸೋತ ಕ್ಯಾಟಲಿಸ್ಟಿನ ರೋಹಿತದಲ್ಲಿ ಕಾರ್ಬೊನೇಟ್ ಗುರುತಿಸುವುದು ನಿಮಗೆ ಸುಲಭವಾಗುತ್ತದೆ.